ಎಲ್ಲರೂ ಹೌದ್ರಿ ಅಂದ ಗ್ಯಾಲರಿ

ಬಸ್ಸು ಜೇವರ್ಗಿ ಬಿಟ್ಟು ನೆಲೋಗಿಯ ದಾರಿ ಹಿಡಿದು ಎಷ್ಟೋ ಹೊತ್ತಾಗಿದ್ದರೂ ತಬಸ್ಸುಮಳ ಹೆಬ್ಬೆರಳು ಮೊಬೈಲಿನ ಮೇಲೆ ಹಾಗೇ ಕೂತಿತ್ತು. ನಿನ್ನೆ ಅವಳು ಸೈಟಿನ ವಾಟ್ಸಾಪ್ ಗುಂಪಿಗೆ ಹಾಕಿದ್ದ ಹೊಸ ನಕ್ಷೆ. ಅದರ ಕೆಳಗೆ ‘ಗ್ಯಾಲರಿಯ ರಾಡುಗಳು ಮೇಲೆ ಬರಬೇಕು, ದಯವಿಟ್ಟು ಗಮನಿಸಿ’ ಎಂಬ ಅವಳದೇ ಸಾಲು. ಅದರ ಕೆಳಗೆ ಕೈಮುಗಿದ ಚಿತ್ರಗಳು. ಮೇಸ್ತ್ರಿ ಜಗದೇವಪ್ಪ ಕೈಮುಗಿದಿದ್ದ. ರಾಡು ಕಟ್ಟುವ ಖಾಜಾ ಕೈಮುಗಿದಿದ್ದ. ಸ್ಲ್ಯಾಬಿಗೆ ಅಚ್ಚು ಕಟ್ಟುವ ಸೆಂಟ್ರಿಂಗಿನವನು, ಉಸುಕು ತರುವ ಟಿಪ್ಪರಿನವನು, ಈ ಗ್ಯಾಲರಿಗೂ ತನಗೂ ಸಂಬಂಧವೇ ಇಲ್ಲದ ಕರೆಂಟಿನವನು ಕೂಡ ಕೈಮುಗಿದಿದ್ದ. ನಿನ್ನೆ ಅದನ್ನು ನೋಡಿ ಅವಳಿಗೆ ಹೊಟ್ಟೆ ತುಂಬಿದಂತಾಗಿತ್ತು. ಇವತ್ತು ಬೆಳಿಗ್ಗೆ ಅವೇ ಕೈಗಳನ್ನು ಅವಳು ಮತ್ತೆ ಮತ್ತೆ ಎಣಿಸುತ್ತಿದ್ದಳು. ನಮ್ಮ ಕಡೆ ಕೈಮುಗಿಯುವುದಕ್ಕೆ ಏನೆಲ್ಲ ಅರ್ಥ! ಬಂದಿರಾ ಎಂದೂ ಆಗುತ್ತದೆ, ಇನ್ನು ಸಾಕು ಹೋಗಿ ಬನ್ನಿ ಎಂದೂ ಆಗುತ್ತದೆ. ಓದಿದೆ, ತಿಳಿಯಿತು ಎಂಬ ಅರ್ಥ ಮಾತ್ರ ಅದಕ್ಕೆ ಎಂದೂ ಇರಲಿಲ್ಲವಲ್ಲ ಎಂದು ಅವಳು ಯೋಚಿಸುತ್ತಿರುವಾಗಲೇ ಕಂಡಕ್ಟರು ಬಂದು ‘ಆಧಾರ್ ಕಾರ್ಡ್ರಿ ಮೇಡಂ’ ಎಂದ. ಗಾಬರಿಯಲ್ಲಿ ಅವಳು ಅವನಿಗೆ ಕೈಮುಗಿದುಬಿಟ್ಟಳು. ಅವನೂ ಒಂದು ಕ್ಷಣ ತಬ್ಬಿಬ್ಬಾಗಿ, ತಿರುಗಿ ಕೈಮುಗಿದು, ಕಾರ್ಡು ನೋಡದೆಯೇ ಟಿಕೆಟು ಹರಿದು ಕೊಟ್ಟು ಮುಂದೆ ಹೋದ.

ಇವತ್ತು ಸ್ಲ್ಯಾಬು ಹಾಕುವ ದಿನ. ನೆಲೋಗಿಯಿಂದ ಒಳಕ್ಕೆ ಸರಿದ ಒಂದು ಊರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲು ಏಳುತ್ತಿತ್ತು. ಸೈಟ್ ಇಂಜಿನಿಯರ್ ಎನಿಸಿಕೊಂಡ ಮೇಲೆ ತಬಸ್ಸುಮ ಒಬ್ಬಳೇ ನಿಂತು ಹಾಕಿಸಬೇಕಾದ ಮೊದಲ ಸ್ಲ್ಯಾಬು ಅದು. ಮ್ಯಾನೇಜರ್ ಕಲ್ಯಾಣಪ್ಪ ಸಾಹೇಬರಿಗೆ ಸೊನ್ನದ ಕಡೆ ಇನ್ನೊಂದು ಕೆಲಸ, ಮಧ್ಯಾಹ್ನ ಬರುತ್ತೇನೆ ಎಂದಿದ್ದರು. ಗ್ಯಾಲರಿ ಎಂದರೆ ಮೇಲಿನ ಕೋಣೆಗಳ ಮುಂದೆ ಹೊರಚಾಚಿಕೊಂಡ ಓಡಾಡುವ ಜಾಗ. ಮೊದಲಿನ ನಕ್ಷೆಯಲ್ಲಿ ಅದರ ಹೊರ ಅಂಚಿಗೆ ಪೈಪಿನ ಕಂಬಗಳಿದ್ದವು. ಹುಡುಗಿಯರ ಆಟದ ಅಂಗಳಕ್ಕೆ ಅಡ್ಡ ಬರುತ್ತವೆಂದು ಆಮೇಲೆ ಅವುಗಳನ್ನು ಕೈಬಿಟ್ಟರು. ಕಂಬದ ಆಸರೆಯಿಲ್ಲದೆ ಚಾಚಿ ನಿಲ್ಲುವ ಗ್ಯಾಲರಿಗೆ ರಾಡುಗಳು ಸ್ಲ್ಯಾಬಿನ ಮೇಲ್ಭಾಗದಲ್ಲಿರಬೇಕು. ತಳದಲ್ಲಿ ಹಾಕಿದರೆ ಅವು ಇದ್ದೂ ಇಲ್ಲದ ಹಾಗೆ, ಭಾರ ಬಿದ್ದ ದಿನ ಗ್ಯಾಲರಿ ಮುರಿದು ಬೀಳುತ್ತದೆ. ಭಾರ ಬೀಳದೆ ಇರುತ್ತದೆಯೆ? ಕಲಬುರಗಿಯಲ್ಲಿ ಅವಳು ಓದುತ್ತಿದ್ದಾಗ ಇದ್ದ ಹಾಸ್ಟೆಲ್ಲಿನಲ್ಲೂ ಒಂದು ಗ್ಯಾಲರಿ ಇತ್ತು. ಅಲ್ಲಿ ತಲೆ ಒಣಗಿಸಿಕೊಂಡದ್ದು, ಅಲ್ಲಿ ಅತ್ತದ್ದು, ಕುಲ್ಫಿ ಗಾಡಿಯ ಗಂಟೆ ಕೇಳಿದೊಡನೆ ಇಡೀ ಹಾಸ್ಟೆಲ್ಲು ಅದರ ಅಂಚಿಗೆ ಬಂದು ಬಗ್ಗಿ, ‘ಏ ಅಣ್ಣಾ, ನಿಲ್ಲೋ!’ ಎಂದು ಒಟ್ಟಿಗೆ ಕೂಗಿದ್ದು. ಅಷ್ಟು ಮಂದಿ ಒಂದೇ ಅಂಚಿನಲ್ಲಿ ನಿಂತಾಗ ತಮ್ಮ ಕಾಲ ಕೆಳಗೆ ರಾಡು ಮೇಲಿದೆಯೋ ಕೆಳಗಿದೆಯೋ ಎಂದು ಯಾವ ಹುಡುಗಿ ಕೇಳಿದ್ದಳು? ಯಾರೋ ಸರಿಯಾಗಿ ಹಾಕಿಸಿದ್ದರು, ಅಷ್ಟೇ. ಆ ಯಾರೋ ಈಗ ತಾನು ಎಂದು ನೆನೆದರೆ ಅವಳಿಗೆ ಹೆಮ್ಮೆ, ಹೆಮ್ಮೆಯ ಬೆನ್ನಿಗೇ ಅಂಜಿಕೆ.

ಯಾಕೆಂದರೆ ನಿನ್ನೆ ಸಂಜೆ ಅವಳು ಗ್ಯಾಲರಿಯ ರಾಡುಗಳನ್ನು ಹತ್ತಿರ ಹೋಗಿ ನೋಡಿರಲಿಲ್ಲ. ಒಳಗಿನ ಕೋಣೆಗಳದ್ದೆಲ್ಲ ಕೂತು, ಬಗ್ಗಿ, ಎಳೆದು ನೋಡಿದ್ದಳು. ಗ್ಯಾಲರಿಯ ಕಡೆ ಮಾತ್ರ ಕಾಲಿಡಲು ಹಲಗೆ ಇರಲಿಲ್ಲ. ಹಲಗೆ ಹಾಕಿಸಿ ಎಂದು ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಆದರೆ ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಮ್ಮೆ ಏಣಿ ಹತ್ತುವಾಗ ಅವಳ ದುಪಟ್ಟಾ ರಾಡಿಗೆ ಸಿಕ್ಕಿ, ಅವಳು ಮೇಲೂ ಹೋಗಲಾರದೆ ಕೆಳಗೂ ಬರಲಾರದೆ ಒದ್ದಾಡಿದ್ದಳು. ಆಗ ಕೆಲಸದವರೆಲ್ಲ ಒಟ್ಟಿಗೇ ಬೇರೆ ಕಡೆ ಮುಖ ತಿರುಗಿಸಿಬಿಟ್ಟರು. ಒಬ್ಬನೂ ನಗಲಿಲ್ಲ. ನಕ್ಕಿದ್ದರೆ ಅವಳೂ ನಗಬಹುದಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟೊಂದು ಮರ್ಯಾದೆ ಕೊಟ್ಟರೆ ಮನುಷ್ಯರು ಬದುಕುವುದಾದರೂ ಹೇಗೆ! ಅಂದಿನಿಂದ ಅವಳು ಆ ಸೈಟಿನಲ್ಲಿ ಯಾರನ್ನೂ ಏನೂ ಕೇಳದೆ, ಎಲ್ಲ ಗೊತ್ತಿರುವವಳ ಹಾಗೆ ಓಡಾಡಿದಳು. ನಿನ್ನೆಯೂ ದೂರದಿಂದಲೇ ನೋಡಿ, ಇಳಿಬಿಸಿಲಲ್ಲಿ ಕಬ್ಬಿಣ ಹೊಳೆಯುವುದನ್ನು ಕಂಡು, ಸರಿ ಎಂದು ತಲೆಯಾಡಿಸಿ ಇಳಿದು ಬಂದಿದ್ದಳು. ಕೈಮುಗಿದ ಚಿತ್ರಗಳು ಆಗಲೇ ಬಂದಿದ್ದವಲ್ಲ, ಇನ್ನೇನು ನೋಡುವುದು.

ಕಿಟಕಿಯಾಚೆ ತೊಗರಿ ರಾಶಿ ಮುಗಿದ ಹೊಲಗಳು ಬೆತ್ತಲಾಗಿ ಬಿದ್ದಿದ್ದವು, ಕಪ್ಪು ನೆಲ ಬಾಯಿ ಬಿಡಲು ಶುರುವಿಟ್ಟಿತ್ತು. ಆಳಂದದಲ್ಲಿ ಅವಳ ಅಬ್ಬಾ ಜಹೀರುದ್ದೀನರದು ಟೇಲರ್ ಅಂಗಡಿ. ಗಿರಾಕಿಗಳು ಬಟ್ಟೆ ಕೊಟ್ಟು, ‘ನಿಮಗ ಗೊತ್ತದಲ್ರಿ, ಹಂಗ ಹೊಲೀರಿ’ ಎನ್ನುತ್ತಿದ್ದರು. ಅಬ್ಬಾ ‘ಹವ್ ಹವ್, ಗೊತ್ತದ’ ಎನ್ನುತ್ತಿದ್ದರು. ಇಬ್ಬರಿಗೂ ಗೊತ್ತಿದ್ದದ್ದು ಬೇರೆ ಬೇರೆ ಅಂಗಿ ಎಂಬುದು ಹಬ್ಬದ ಹಿಂದಿನ ದಿನ ತಿಳಿಯುತ್ತಿತ್ತು. ಅಕ್ಕ ಮಿನಾಜಳ ನಿಕಾಹ್ ದಿನವೂ ಅದೇ ಕತೆ. ಸಾಕ್ಷಿದಾರರು ಪರದೆಯ ಆಚೆ ನಿಂತು ಕಬೂಲ್ ಹೈ, ಒಪ್ಪಿಗೆಯೇ, ಎಂದು ಮೂರು ಸಲ ಕೇಳಿದರು, ಮಿನಾಜ ಬಗ್ಗಿಸಿದ ತಲೆ ಎತ್ತಲಿಲ್ಲ, ‘ಹೇಳಿದ್ಲು, ಹೇಳಿದ್ಲು’ ಎಂದು ಚಿಕ್ಕಮ್ಮ ಅಜೀಜಾಬಿ ಖಾಲಾ ಎಲ್ಲ ಹೆಂಗಸರಿಗಿಂತ ಗಟ್ಟಿಯಾಗಿ ಕೂಗಿದಳು. ಪಕ್ಕದಲ್ಲೇ ಕೂತಿದ್ದ ತಬಸ್ಸುಮಳಿಗೆ ಗೊತ್ತಿತ್ತು, ಮಿನಾಜ ಏನೂ ಹೇಳಿರಲಿಲ್ಲ. ಆ ರಾತ್ರಿಯೆಲ್ಲ ಅವಳು ಅಕ್ಕನಿಗಾಗಿ ಸಂಕಟಪಟ್ಟಳು. ಎಷ್ಟೋ ದಿನದ ಮೇಲೆ ಕೇಳಿದರೆ ಮಿನಾಜ ಬಿದ್ದು ಬಿದ್ದು ನಕ್ಕಳು: ‘ಬಾಯಿ ತುಂಬ ಬದಾಮಿ ಇತ್ತಬೇ, ನುಂಗಿ ಹೇಳೂಣು ಅಂದ್ರ ನೀವೆಲ್ಲಿ ಬಿಟ್ರಿ!’ ಒಳ್ಳೆಯದೇ ಆಯಿತು, ಅವಳು ಸುಖವಾಗಿದ್ದಾಳೆ. ಎಲ್ಲ ಸಲವೂ ಬಾಯಲ್ಲಿ ಬದಾಮಿಯೇ ಇರುತ್ತದೆಂದು ಹೇಳುವುದು ಹೇಗೆ ಎಂದುಕೊಳ್ಳುತ್ತ ತಬಸ್ಸುಮ ಬಸ್ಸಿನಿಂದ ಇಳಿದಳು.

ಸೈಟಿನಲ್ಲಿ ಆಗಲೇ ಮದುವೆ ಮನೆಯ ಗದ್ದಲ. ಸ್ಲ್ಯಾಬಿನ ದಿನ ಕೆಲಸದವರಿಗೆಲ್ಲ ಸಿಹಿ ಊಟ ಹಾಕುವುದು ರೂಢಿ. ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಸಾಬವ್ವ ಗೋಧಿ ಹುಗ್ಗಿ ತಿರುವುತ್ತಿದ್ದಳು. ಕಾಂಕ್ರೀಟಿನ ಬುಟ್ಟಿ ಹೊರುವ ಹೆಂಗಸರಲ್ಲಿ ಹಿರಿಯಳು ಅವಳು, ಇವತ್ತು ಬುಟ್ಟಿಗೆ ರಜೆ ಹಾಕಿ ಸೌಟು ಹಿಡಿದಿದ್ದಳು. ಮಿಕ್ಸರಿಗೆ ಅರಿಸಿನ ಕುಂಕುಮ ಹಚ್ಚಿ, ಮಾಲೆ ಹಾಕಿ, ಊದಿನಕಡ್ಡಿ ಸಿಕ್ಕಿಸಿದ್ದರು. ಅಂದೋಲಾದ ಜಗದೇವಪ್ಪ ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಹಣೆಗೆ ವಿಭೂತಿ ಬಳಿದು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬೀಗರ ಹಾದಿ ಕಾಯುವವನ ಹಾಗೆ ನಿಂತಿದ್ದ. ‘ಬರ್ರಿ ಮೇಡಂ, ನಿಮ್ಮ ಹಾದಿನ ನೋಡಾಕತ್ತಿದ್ದೆ. ಒಡೀಲೇನ್ರಿ?’ ಕಾಯಿ ಒಡೆದ ಮೇಲೆ ಸ್ಲ್ಯಾಬು ನಿಲ್ಲಿಸಬಾರದು. ಆ ಕಡೆ ಎಲ್ಲರೂ ಬಲ್ಲ ಮಾತು. ಒಮ್ಮೆ ಮೇಲೆ ಹೋಗಿ ಬರುತ್ತೇನೆ, ಆಮೇಲೆ ಒಡೆಯಿರಿ ಎನ್ನಬೇಕಿತ್ತು ಅವಳು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಮೇಸ್ತ್ರಿಯ ಮುಖದ ಸಂಭ್ರಮ ಕಂಡು, ಹತ್ತು ಕಣ್ಣು ತನ್ನನ್ನೇ ನೋಡುತ್ತಿವೆ ಎನಿಸಿ, ‘ಒಡೀರಿ ಮೇಸ್ತ್ರಿ’ ಎಂದಳು. ಕಾಯಿ ಒಂದೇ ಏಟಿಗೆ ಎರಡಾಯಿತು. ಖಾಜಾ ಬಿಸ್ಮಿಲ್ಲಾ ಎಂದ, ಮೇಸ್ತ್ರಿ ಬಸವಣ್ಣನನ್ನು ನೆನೆದ, ಮಿಕ್ಸರು ಗುಡುಗುಡು ತಿರುಗತೊಡಗಿತು.

ಬುಟ್ಟಿಯವರ ಸಾಲಿನಲ್ಲಿ ನಿಂತಿದ್ದ ಜೀನತ ಅವಳನ್ನು ಕಂಡು ಕಣ್ಣರಳಿಸಿದಳು. ಖಾಜಾನ ಹೆಂಡತಿ, ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ‘ಆಪಾ, ನಿನ್ನಿ ನೀವು ಗ್ರೂಪಿಗೆ ಹಾಕಿದ ಫೋಟೋ ಭಾಳ ಚಲೋ ಬಂದಿತ್ರಿ. ನಾನ ಕೈಮುಗದು ಹಾಕಿದ್ದೆ.’

‘ಯಾವ ಫೋಟೋ?’

‘ಅದೇ ರೀ, ಗೆರಿ ಗೆರಿ ಇತ್ತಲ್ಲ. ಫೋನ್ ನನ್ನ ಕೈಯಾಗ ಇರ್ತದ. ಇವ್ರಿಗೆ ಅದೆಲ್ಲ ನೋಡ್ಲಿಕ್ಕ ಪುರಸೊತ್ತೆಲ್ಲಿ? ಮೇಡಂ ಕಳಸ್ಯಾರ, ಸುಮ್ಕಿದ್ರ ಮರ್ಯಾದಿ ಅಲ್ಲಂತ ಎಲ್ಲಾದಕ್ಕೂ ನಾನ ಕೈಮುಗೀತೇನಿ.’

ತಬಸ್ಸುಮ ಏಣಿಯ ಕಡೆ ಓಡಿದಳು. ದುಪಟ್ಟಾ ಸೊಂಟಕ್ಕೆ ಬಿಗಿದು, ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರುವುದನ್ನು ಹಿಂದಕ್ಕೆ ತಳ್ಳುತ್ತ, ಕಬ್ಬಿಣದ ಬಲೆಯ ಮೇಲೆ ಹೆಜ್ಜೆಯಿಡುತ್ತ ಗ್ಯಾಲರಿಯ ತನಕ ಹೋದಳು. ಹಲಗೆ ಇವತ್ತೂ ಇರಲಿಲ್ಲ. ಕೂತು, ಸೆಂಟ್ರಿಂಗ್ ಶೀಟಿಗೆ ಅಂಗೈ ಊರಿ, ಬಗ್ಗಿ ನೋಡಿದಳು. ರಾಡುಗಳೆಲ್ಲ ತಳದಲ್ಲಿದ್ದವು. ಒಂದೂ ಸೊಟ್ಟಗಿರಲಿಲ್ಲ, ಗಂಟುಗಳು ಒಂದೊಂದೂ ಬಿಗಿ, ಎಷ್ಟು ಅಚ್ಚುಕಟ್ಟು ಕೆಲಸ! ಅಚ್ಚುಕಟ್ಟಾಗಿ ತಪ್ಪಿತ್ತು. ಕೆಳಗೆ ಮಿಕ್ಸರು ಮೊದಲ ಸುತ್ತಿನ ಕಾಂಕ್ರೀಟು ಕಲಸುತ್ತಿತ್ತು, ಹೆಂಗಸರು ಸೀರೆ ಎತ್ತಿ ಕಟ್ಟಿ ಏಣಿಯ ಮೇಲೆ ಸಾಲಾಗಿ ನಿಲ್ಲುತ್ತಿದ್ದರು, ಹುಗ್ಗಿಯ ಬೆಲ್ಲದ ವಾಸನೆ ಮೇಲಿನ ತನಕ ಬರುತ್ತಿತ್ತು. ನಿಲ್ಲಿಸಿದರೆ? ಹೆಣ್ಣು ಇಂಜಿನಿಯರ್ ಕಾಯಿ ಒಡೆದ ಸ್ಲ್ಯಾಬು ನಿಲ್ಲಿಸಿದಳಂತೆ ಎಂದು ಸಂಜೆಯೊಳಗೆ ಅಂದೋಲಾದಿಂದ ಅಫಜಲಪುರದ ತನಕ ಮಾತು ಹೋಗುತ್ತದೆ. ನಿನ್ನೆ ಯಾಕೆ ನೋಡಲಿಲ್ಲ ಎಂದರೆ ಏನು ಹೇಳುವುದು? ಒಂದು ಚಣ, ಒಂದೇ ಚಣ, ಇರಲಿ ಬಿಡು, ಬೀಳಲಿಕ್ಕಿಲ್ಲ ಎಂಬ ಯೋಚನೆಯೂ ಬಂತು, ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಏ ಅಣ್ಣಾ ನಿಲ್ಲೋ ಎಂದು ಹುಡುಗಿಯರೆಲ್ಲ ಒಟ್ಟಿಗೆ ಬಗ್ಗುತ್ತಾರೆ. ಅವಳು ಎದ್ದು ನಿಂತಳು. ‘ತಡೀರಿ’ ಎಂದಳು. ಅದು ಅವಳಿಗೇ ಕೇಳಿಸಲಿಲ್ಲ. ಎರಡನೆಯ ಸಲ ಅವಳ ಗಂಟಲಿನಿಂದ ಅಮ್ಮಿ ಓಣಿಯ ಕೊನೆಯ ತನಕ ಕೋಳಿಗಳನ್ನು ಕರೆಯುವ ದನಿ ಹೊರಟಿತು: ‘ಮಿಕ್ಸರ್ ಬಂದ್ ಮಾಡ್ರಿ!’

ಮಿಕ್ಸರು ನಿಂತಿತು. ಇಡೀ ಸೈಟು ತಲೆ ಎತ್ತಿ ನೋಡಿತು. ಜಗದೇವಪ್ಪ ಬಿಳಿ ಅಂಗಿಯಲ್ಲೇ ಸರಸರ ಏಣಿ ಹತ್ತಿ ಬಂದು, ಅವಳ ಕಿವಿಯ ಹತ್ತಿರ ಬಗ್ಗಿದ.

‘ಸಣ್ಣಗ ಮಾತಾಡ್ರಿ ಮೇಡಂ. ಮಂದಿ ಕೇಳ್ತಾರ.’

‘ಕೇಳ್ಲಿ ಮೇಸ್ತ್ರಿ. ರಾಡ್ ಕೆಳಗ ಯಾಕ ಅದಾವ? ನಾ ಮ್ಯಾಲ ಅಂದಿದ್ನಲ್ಲ, ನೀವು ಹೌದ್ರಿ ಅಂದಿದ್ರಿ.’

‘ಅಂದಿದ್ದೆ.’ ಅವನು ಸುತ್ತ ನೋಡಿ, ದನಿ ಇನ್ನೂ ಇಳಿಸಿದ. ‘ನೀವು ಹೊಸಬ್ರು. ಬಾಯಿ ತಪ್ಪಿ ಅಂದೀರಿ ಅಂತ ತಿಳ್ಕೊಂಡೆ. ಎಲ್ಲಾರ ಮುಂದ ತಪ್ಪದ ಅಂದ್ರ ನಿಮ್ಮ ಮರ್ಯಾದಿ ಏನ ಉಳೀತದ್ರಿ? ನನ್ನ ಮಗಳು ಬಸವೇಶ್ವರಿ ನಿಮ್ಮ ವಾರಿಗಿನಾಕಿ. ಅದಕ್ಕ ಹೌದ್ರಿ ಅಂದು, ಖಾಜಾಗ ಹೇಳಿ ಕೆಳಗ ಕಟ್ಟಿಸಿ ಸರಿ ಮಾಡೇನಿ. ಯಾರಿಗೂ ಗೊತ್ತಾಗಂಗಿಲ್ಲ. ನೀವೇನೂ ಚಿಂತಿ ಮಾಡಬ್ಯಾಡ್ರಿ.’

ತಬಸ್ಸುಮಳಿಗೆ ಮೊದಲು ಸಿಟ್ಟು ಬಂತು, ಅದು ಬಂದಷ್ಟೇ ಬೇಗ ಹೋಯಿತು. ಇಂಥ ಅಂತಃಕರಣದ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ‘ಕಂಬ ಇಲ್ದ ಗ್ಯಾಲರಿಗೆ ರಾಡ್ ಕೆಳಗ ಹಾಕಿದ್ರ ಹೆಂಗ ನಿಲ್ತದ ಮೇಸ್ತ್ರಿ?’ ಎಂದಳು.

‘ಕಂಬ ಇಲ್ಲಂದ್ರ? ಆಮ್ಯಾಲ ಪೈಪಿನ ಕಂಬ ನಿಲ್ಲಸ್ತೀರಲ್ಲ.’

‘ಕಂಬ ತಗದಾರಲ್ರಿ.’

‘ತಗದಾರ?’ ಮೇಸ್ತ್ರಿಯ ಮುಖ ಒಮ್ಮೆಲೇ ಬಿಳಿಚಿತು. ‘ಯಾವಾಗ? ನನಗ್ಯಾರು ಹೇಳ್ಯಾರ?’

ಯಾರು ಹೇಳಿದ್ದರು? ತಬಸ್ಸುಮ ತನ್ನ ನೆನಪನ್ನೆಲ್ಲ ತಡಕಾಡಿದಳು. ರಾಡು ಮೇಲೆ ಬರಬೇಕು ಎಂದು ಅವಳು ಹೇಳಿದ್ದಳು, ಬರೆದಿದ್ದಳು, ಮತ್ತೆ ಹೇಳಿದ್ದಳು. ಕಂಬ ಹೋಯಿತು, ಅದಕ್ಕೇ ಎಂದು ಒಂದು ಸಲವೂ ಅಂದಿರಲಿಲ್ಲ. ನಕ್ಷೆಯಲ್ಲಿ ಇದೆಯಲ್ಲ, ಕಾಣುತ್ತದೆ ಎಂದುಕೊಂಡಿದ್ದಳು. ಕಾರಣ ಹೇಳದೆ ಅಪ್ಪಣೆ ಕೊಟ್ಟವಳು ತಾನು. ಅಪ್ಪಣೆಯನ್ನು ಪ್ರೀತಿಯಿಂದ ತಪ್ಪಿಸಿದವನು ಅವನು. ತಾನೇನು ಕಡಿಮೆಯೆ? ಈಚೆಗೆ ಕಲ್ಯಾಣಪ್ಪ ಸಾಹೇಬರು ಫೋನಿನಲ್ಲಿ ಅಡುಗೆಮನೆಯ ಕಿಟಕಿಯ ಎತ್ತರ ತಪ್ಪು ಹೇಳಿದಾಗ ಅವಳು ‘ಹೌದ್ರಿ ಸರ್’ ಎಂದು ಫೋನಿಟ್ಟು, ಸದ್ದಿಲ್ಲದೆ ಸರಿಯಾದ ಎತ್ತರಕ್ಕೇ ಕಟ್ಟಿಸಿದ್ದಳು. ಅವರ ಮರ್ಯಾದೆ ಉಳಿಸಿದೆ ಎಂದು ಒಳಗೊಳಗೇ ಬೀಗಿದ್ದಳು. ಅವಳು ಸಾಹೇಬರ ಮರ್ಯಾದೆ ಕಾಯುತ್ತಿದ್ದಳು, ಮೇಸ್ತ್ರಿ ಅವಳನ್ನು ಕಾಯುತ್ತಿದ್ದ, ಜೀನತ ಗಂಡನನ್ನು ಕಾಯುತ್ತಿದ್ದಳು. ಹೀಗೆ ಎಲ್ಲರೂ ಎಲ್ಲರ ಮರ್ಯಾದೆ ಕಾಯುತ್ತಾ ಗ್ಯಾಲರಿಯೊಂದನ್ನು ಬೀಳಿಸಲು ಹೊರಟಿದ್ದರು. ಯೋಚಿಸಿದಂತೆಲ್ಲ ಅವಳಿಗೆ ಹೊಟ್ಟೆಯ ತಳದಿಂದ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರಿ ಬಂದು ಕೂತಿತು, ಅವಳು ಅದರೊಳಗೇ ನಕ್ಕಳು. ಮೇಸ್ತ್ರಿ ಮೊದಲು ಹೆದರಿದ, ಆಮೇಲೆ ಅವನ ಮೀಸೆಯೂ ಅಲುಗಿತು.

ಅಷ್ಟರಲ್ಲಿ ಕೆಳಗಿನಿಂದ ಸಾಬವ್ವ ಕೂಗಿದಳು. ‘ಏನವ್ವಾ, ನಗತೀರೋ ಅಳತೀರೋ? ಕಲಸಿದ್ದು ಕಲ್ಲಾಗತದ!’ ಮಿಕ್ಸರಿನಲ್ಲಿ ಕಲಸಿದ್ದ ಕಾಂಕ್ರೀಟನ್ನು ಏನು ಮಾಡಬೇಕೆಂದು ತಬಸ್ಸುಮಳಿಗೆ ತೋಚಲಿಲ್ಲ. ಸಾಬವ್ವಳಿಗೆ ತೋಚಿತ್ತು. ಹಿತ್ತಲಿನಲ್ಲಿ ಹುಡುಗಿಯರು ಬಟ್ಟೆ ಒಗೆಯುವ ಕಟ್ಟೆಗೆ ಜಲ್ಲಿ ಖಡಿ ಹಾಸಿ ಇಟ್ಟಾಗಿತ್ತು. ಬುಟ್ಟಿಗಳೆಲ್ಲ ಏಣಿ ಬಿಟ್ಟು ಆ ಕಡೆ ಹೊರಟವು. ‘ಕಾಯಿ ಒಡದು ನಿಲ್ಲಿಸಿದ್ರ ಕೆಡಕಲ್ಲೇನಬೇ?’ ಎಂದು ಯಾರೋ ಕೇಳಿದ್ದಕ್ಕೆ, ‘ನಿಂತಿದ್ದೆಲ್ಲಿ? ಒಗ್ಯಾಣದ ಕಟ್ಟಿ ಆಗಾಕತ್ತದ. ಕಾಯಿ ಕಟ್ಟಿಗೆ ಒಡದದ್ದು, ಹೋಳು ಹುಗ್ಗಿಗೆ ಬಿದ್ದಾವ, ಇನ್ನೇನು!’ ಎಂದು ಅವಳು ಸೌಟು ಆಡಿಸಿದಳು. ದೊಡ್ಡದೊಂದು ಅಪಶಕುನ ಅಲ್ಲಿಗೆ ಮುಗಿಯಿತು.

ಎಲ್ಲರೂ ಬನ್ನಿ ಎಂದು ತಬಸ್ಸುಮ ಕರೆದಳು. ಗಾರೆ ಕೆಲಸದ ಗೌಂಡಿಗಳು, ರಾಡಿನವರು, ಬುಟ್ಟಿಯವರು, ಕರೆಂಟಿನವನು, ಎಲ್ಲ. ನಕ್ಷೆ ಬಿಚ್ಚಲಿಲ್ಲ. ನೀರು ತುಂಬಿದ ಬಕೀಟೊಂದನ್ನು ಖಾಜಾನ ಕೈಗೆ ಕೊಟ್ಟು, ಕೈ ನೆಟ್ಟಗೆ ಮುಂದೆ ಚಾಚಿ ಹಿಡಿಯಿರಿ ಎಂದಳು. ಅವನು ಚಾಚಿದ. ಚಣದಲ್ಲಿ ಕೈ ನಡುಗತೊಡಗಿತು.

‘ಎಲ್ಲಿ ಎಳೀತದ ಖಾಜಾಭಾಯಿ?’

‘ಇಲ್ಲಿ ಮೇಡಂ, ಹೆಗಲಿನ ಮ್ಯಾಲ.’

‘ಕಂಕಳಾಗ ಎಳೀತದೇನು?’

‘ಇಲ್ರಿ, ಮ್ಯಾಲ, ಮ್ಯಾಲ!’

‘ಈಗ ಜೀನತ, ನೀ ಬಕೀಟಿನ ಕೆಳಗ ಕೈ ಕೊಡು.’ ಜೀನತ ಕೊಟ್ಟಳು, ಗಂಡನ ಮುಖ ಹಗುರಾಯಿತು. ‘ಅದು ಕಂಬ,’ ಎಂದಳು ತಬಸ್ಸುಮ. ‘ಕಂಬ ಇದ್ರ ಮ್ಯಾಲ ಎಳ್ಯಂಗಿಲ್ಲ. ನಮ್ಮ ಗ್ಯಾಲರಿಗೆ ಕಂಬ ಬರಂಗಿಲ್ಲ. ಅದನ್ನ ನಾ ನಿಮಗ ಹೇಳಿಲ್ಲ. ನಿನ್ನಿ ಹತ್ತಿರ ಬಂದೂ ನೋಡಿಲ್ಲ, ಹಲಗಿ ಕೇಳ್ಲಿಕ್ಕ ನಾಚಿಕಿ ಬಂತು. ತಪ್ಪ ನಂದದ. ಈಗ ಹೇಳ್ರಿ, ರಾಡ್ ಎಲ್ಲಿ ಬರಬೇಕು?’

ಯಾರೂ ಉತ್ತರ ಕೊಡುವ ಮೊದಲು ಜಗದೇವಪ್ಪ ಒಂದು ಬುಟ್ಟಿ ಎತ್ತಿ ತಾನೇ ಕೈಚಾಚಿ ನಿಂತ. ಅವನನ್ನು ನೋಡಿ ಗೌಂಡಿಗಳು ಚಾಚಿದರು, ಹೆಂಗಸರು ಚಾಚಿದರು, ಕರೆಂಟಿನವನು ತನ್ನ ಡ್ರಿಲ್ಲಿಂಗ್ ಮಷೀನು ಹಿಡಿದು ಚಾಚಿದ. ಕಟ್ಟಡದ ತುಂಬ ಕೈಚಾಚಿದ ಮಂದಿ, ‘ಹೌದ್ಲೇ, ಮ್ಯಾಲ ಎಳೀತದ!’ ‘ನನಗೂ ಹೆಗಲ ಮ್ಯಾಲ!’ ಎಂಬ ಕೂಗು. ತಬಸ್ಸುಮ ಒಬ್ಬೊಬ್ಬರ ಮುಂದೆ ನಿಂತು, ‘ನೀವು ಹೇಳ್ರಿ, ಯಾಕ ಮ್ಯಾಲ?’ ಎಂದು ಕೇಳಿದಳು. ಖಾಜಾನನ್ನು ಒಮ್ಮೆ ಕೇಳಿದಳು, ಮತ್ತೆ ಕೇಳಿದಳು, ಇನ್ನೊಮ್ಮೆ ಕೇಳಿದಳು.

‘ಮೂರ್ ಸಲ ಯಾಕ್ರಿ ಆಪಾ,’ ಎಂದು ಜೀನತ ಬಾಯಿಗೆ ಸೆರಗು ಒತ್ತಿಕೊಂಡಳು, ‘ಇವ್ರದು ಇನ್ನೊಂದು ನಿಕಾಹ್ ಮಾಡಾಕತ್ತೀರೇನು?’

‘ಕಬೂಲ್, ಕಬೂಲ್, ಕಬೂಲ್!’ ಎಂದ ಖಾಜಾ.

‘ಕಬೂಲ್ ಬ್ಯಾಡ ಖಾಜಾಭಾಯಿ. ಕಾರಣ ಹೇಳ್ರಿ.’

ಅವನು ಹೇಳಿದ, ಅರ್ಧ ಕನ್ನಡದಲ್ಲಿ, ಅರ್ಧ ದಖನಿ ಉರ್ದುವಿನಲ್ಲಿ, ಕಂಬವಿಲ್ಲದ ಮನೆಯ ಕಷ್ಟವನ್ನೆಲ್ಲ ಸೇರಿಸಿ. ಸರಿಯಾಗಿಯೇ ಹೇಳಿದ. ಆಮೇಲೆ ಅವನ ಮಂದಿ ಗಂಟು ಕತ್ತರಿಸಿ, ರಾಡುಗಳನ್ನು ಒಂದೊಂದಾಗಿ ಎತ್ತಿ, ರಾಡಿಗೆ ಆನಿಕೆಯಾಗುವ ಬಗ್ಗಿಸಿದ ಕಬ್ಬಿಣದ ಗಿಡ್ಡ ‘ಕುರ್ಚಿ’ಗಳ ಮೇಲೆ ಕೂರಿಸಿ, ಹಿಂಬದಿಯ ಸ್ಲ್ಯಾಬಿನೊಳಗೆ ಉದ್ದಕ್ಕೆ ಚಾಚಿ ಕಟ್ಟತೊಡಗಿದರು. ತಬಸ್ಸುಮ ಹಲಗೆ ಬೇಕು ಎಂದಳು. ನಾಲ್ಕು ಮಂದಿ ನಾಲ್ಕು ಹಲಗೆ ತಂದರು. ಅವಳು ಅವುಗಳ ಮೇಲೆ ನಡೆಯುವಾಗ ಕಾಲು ಜಾರಿ ದೊಪ್ಪನೆ ಕೂತದ್ದನ್ನು ಕಂಡು ಈ ಸಲ ಎಲ್ಲರೂ ನಕ್ಕರು. ಎಷ್ಟು ಹಾಯೆನಿಸಿತು ಅವಳಿಗೆ! ಎಷ್ಟೋ ತಿಂಗಳಿಂದ ಬಿಗಿದು ಕಟ್ಟಿದ್ದ ಏನೋ ಒಂದು ಅಲ್ಲೇ ಸಡಿಲಾಯಿತು.

ಮಧ್ಯಾಹ್ನ ಕಲ್ಯಾಣಪ್ಪ ಸಾಹೇಬರ ಜೀಪು ಬಂದು ನಿಂತಾಗ ಮಿಕ್ಸರು ಸುಮ್ಮನಿತ್ತು, ಸ್ಲ್ಯಾಬು ಖಾಲಿಯಿತ್ತು. ಅವರು ಇಳಿಯುತ್ತಲೇ ಶುರುಮಾಡಿದರು. ‘ಏನಿದು? ಕಾಯಿ ಒಡದು ಕೈ ಕಟ್ಟಿ ಕುಂತೀರಿ? ನನಗೊಂದು ಫೋನ್ ಮಾಡ್ಲಿಕ್ಕ ಏನಾಗಿತ್ತು?’ ಇನ್ನೊಂದು ದಿನವಾಗಿದ್ದರೆ ಅವಳು ಹೌದ್ರಿ ಸರ್, ತಪ್ಪಾಯ್ತ್ರಿ ಸರ್ ಎಂದು ನೆಲ ನೋಡುತ್ತಿದ್ದಳು. ಇವತ್ತು ಮೊದಲಿನಿಂದ ಕೊನೆಯ ತನಕ ಹೇಳಿದಳು. ಕಂಬದ ಮಾತು ಹೇಳದೆ ಉಳಿದದ್ದು, ದೂರದಿಂದ ನೋಡಿದ್ದು, ಮೇಸ್ತ್ರಿಯ ಅಂತಃಕರಣ, ಎಲ್ಲ. ಅವರು ಬೈದರು, ಮನಸಾರೆ ಬೈದರು. ಬೈಗುಳ ಅವಳು ಇಷ್ಟು ದಿನ ಹೆದರಿದ್ದಷ್ಟು ಭಾರವಿರಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತವರು ಹೊತ್ತು ಇಳಿಸುವ ಹಾಗೆ ಅವಳೂ ಹೊತ್ತು ಇಳಿಸಿದಳು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಅವಳೇ ಮತ್ತೆ ಬಾಯಿ ತೆರೆದಳು.

‘ಇನ್ನೊಂದದ ಸರ್. ಅಡಗಿಮನಿ ಕಿಟಕಿ ಎತ್ತರ ನೀವು ಫೋನಿನಾಗ ತಪ್ಪ ಹೇಳಿದ್ರಿ. ನಾ ನಿಮಗ ಹೇಳದ ಸರಿ ಮಾಡ್ಸೇನಿ.’

‘ನಾ ತಪ್ಪ ಹೇಳಿದ್ನಾ?’

‘ಹೌದ್ರಿ ಸರ್.’

ಸಾಹೇಬರು ಅಡುಗೆಮನೆಯ ಕಡೆ ನೋಡಿದರು, ಕಿಟಕಿಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು. ‘ಅವತ್ತೇ ಹೇಳ್ಲಿಕ್ಕ ಬಾಯಿ ಇರ್ಲಿಲ್ಲೇನು ನಿನಗ?’

‘ಇರ್ಲಿಲ್ರಿ ಸರ್. ಇವತ್ತ ಬಂತು.’

ಅವರ ಗಂಟುಮೋರೆ ಒಂದಿಷ್ಟು ಬಿಚ್ಚಿತು. ‘ಬಂದದ್ದು ಹೋಗದಂಗ ನೋಡ್ಕೋ,’ ಎಂದು, ಗ್ಯಾಲರಿಗೆ ಹತ್ತಿ, ತಾವೇ ಮೊಣಕಾಲೂರಿ ರಾಡುಗಳನ್ನೆಲ್ಲ ಎಳೆದು ನೋಡಿದರು. ಇಳಿದು ಬಂದು, ‘ಹಾಕ್ರಿ,’ ಎಂದರು. ಹುಗ್ಗಿ ಉಂಡು, ತುಪ್ಪದ ಕೈ ತೊಳೆದುಕೊಂಡು, ಎಲ್ಲರೂ ಎದ್ದರು.

ಮಿಕ್ಸರು ಮತ್ತೆ ತಿರುಗಿತು. ಬುಟ್ಟಿಗಳು ಕೈಯಿಂದ ಕೈಗೆ ಏರಿದವು. ಒಳಗಿನ ಕೋಣೆಗಳು ತುಂಬುತ್ತಾ ತುಂಬುತ್ತಾ ಬಿಸಿಲು ಇಳಿಯುವ ಹೊತ್ತಿಗೆ ಕಾಂಕ್ರೀಟು ಗ್ಯಾಲರಿಗೆ ಬಂತು. ಎತ್ತಿ ಕಟ್ಟಿದ ರಾಡುಗಳು ಒಂದೊಂದಾಗಿ ಬೂದು ಬಣ್ಣದೊಳಗೆ ಮುಳುಗುವುದನ್ನು ತಬಸ್ಸುಮ ಬಗ್ಗಿ ನೋಡುತ್ತಿದ್ದಳು. ಇನ್ನು ಅವುಗಳನ್ನು ಯಾರೂ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಅವಳು ಸೊಂಟ ನೆಟ್ಟಗೆ ಮಾಡಿ, ಮಟ್ಟ ಎಳೆಯುತ್ತಿದ್ದ ಗೌಂಡಿಗೆ ಹೊರ ಅಂಚನ್ನು ಬೆರಳಿನಷ್ಟು ತಗ್ಗಿಸು, ಮಳೆ ನೀರು ಹೊರಗೆ ಹರಿಯಬೇಕು ಎಂದಳು. ಹೇಳಿ ಮುಗಿಸಿರಲಿಲ್ಲ, ಸ್ಲ್ಯಾಬಿನ ಆ ತುದಿಯಿಂದ ಜಗದೇವಪ್ಪನ ದನಿ ಗುಡುಗಿತು.

‘ಏ ಮೇಡಂ! ತಪ್ಪ ಹೇಳಾಕತ್ತೀರಿ!’

ಎಲ್ಲರ ಕೈ ನಿಂತಿತು. ಗೌಂಡಿ ಮಟ್ಟಪಟ್ಟಿ ಹಿಡಿದ ಹಾಗೇ ಕಲ್ಲಾದ. ಕೆಳಗೆ ಸಾಹೇಬರು ಚಹಾದ ಕಪ್ಪು ತುಟಿಗಿಟ್ಟವರು ಮೇಲೆ ನೋಡಿದರು. ಇಡೀ ಸೈಟಿನ ಎದುರಿಗೆ, ಸಾಹೇಬರ ಎದುರಿಗೆ, ಆ ಮನುಷ್ಯ ತನ್ನ ಬದುಕಿನಲ್ಲಿ ಒಬ್ಬ ಇಂಜಿನಿಯರಿಗೆ ಹೀಗೆ ಕೂಗಿರಲಿಲ್ಲ. ಅವನ ಮುಖ ನೋಡಿದರೇ ತಿಳಿಯುತ್ತಿತ್ತು, ಕೂಗಿದ ಮೇಲೆ ಅವನಿಗೇ ದಿಗಿಲಾಗಿತ್ತು. ತಬಸ್ಸುಮಳ ಕಿವಿ ಹಳೆಯ ಚಾಳಿಯಂತೆ ಬಿಸಿಯಾಯಿತು. ಆಮೇಲೆ ಅವಳೊಳಗೆ ಸಂತೋಷ ಎಷ್ಟು ಜೋರಾಗಿ ಎದ್ದಿತೆಂದರೆ ಕಣ್ಣಲ್ಲಿ ನೀರು ಬಂದಿತು.

‘ಯಾಕ್ರಿ ಮೇಸ್ತ್ರಿ? ಹೇಳ್ರಿ!’ ಎಂದು ಅವಳೂ ಅಷ್ಟೇ ಗಟ್ಟಿಯಾಗಿ ಕೂಗಿದಳು.

‘ಹೊರಗ ಇಳುಕಲು ಕೊಟ್ರ ನೀರೆಲ್ಲಾ ಕೆಳಗ ಅಂಗಳದಾಗ ಬೀಳ್ತದ! ಹುಡುಗ್ಯಾರು ಆಡ್ತಿರ್ತಾವ, ಅವರ ತಲಿ ಮ್ಯಾಲ ಬೀಳ್ತದ! ಅಂಚಿಗುಂಟ ಹರದು ಒಂದ್ ಮೂಲಿಗೆ ಬಂದು, ಅಲ್ಲಿ ಪೈಪಿನಾಗ...’ ಅವನು ತಡೆದ. ಮೂಲೆಯಲ್ಲಿ ಅವನೇ ಬೆಳಿಗ್ಗೆ ಕಟ್ಟಿ ಕೂರಿಸಿದ್ದ ನೀರಿನ ಪೈಪಿನ ಬಾಯಿ ಕಾಣುತ್ತಿತ್ತು, ಅಂಚಿನುದ್ದಕ್ಕೂ ನೀರನ್ನು ತಡೆದು ಆ ಪೈಪಿಗೆ ತಿರುಗಿಸುವ ಕಟ್ಟೆಗೆ ಅವನೇ ಹಾಕಿಸಿದ ಹಲಗೆಯೂ ಇತ್ತು. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಮೊದಲಿಗಿಂತಲೂ ಗಟ್ಟಿಯಾಗಿ, ಅಂದೋಲಾದ ತನಕ ಕೇಳುವ ಹಾಗೆ ಕೂಗಿದ: ‘ಪೈಪ್ ಇಲ್ಲೇ ಅದ! ತಪ್ಪ ನಂದ ಅದ ಯವ್ವಾ! ಬರೋಬ್ಬರಿ ಹೇಳೀರಿ!’

ನಗುವಿನ ಸದ್ದಿಗೆ ಮಿಕ್ಸರಿನ ಸದ್ದು ಕೇಳಿಸಲಿಲ್ಲ. ಗೌಂಡಿ ಮಟ್ಟಪಟ್ಟಿ ಎಳೆಯಲು ಬಗ್ಗಿ, ಮತ್ತೆ ತಲೆ ಎತ್ತಿ, ಮೊದಲ ಸಲ ನೇರ ಅವಳ ಮುಖ ನೋಡಿ ಕೇಳಿದ.

‘ಬೆರಳಷ್ಟ ಯಾಕ್ರಿ ಮೇಡಂ? ಇನ್ನಾ ಜರಾ ಹೆಚ್ಚ ಇಳಿಸಿದ್ರ ಏನಾಗ್ತದ?’

ತಬಸ್ಸುಮ ಹಲಗೆ ದಾಟಿ ಅವನ ಪಕ್ಕಕ್ಕೆ ಹೋಗಿ ಕೂತಳು.